ಗೆರೆ ದಾಟಿ ಮರಳಿದ ಚೆಂಡು

ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ನಾನು ಕಾಲೇಜಿನ ಫುಟ್ಬಾಲ್ ತಂಡದ ಆಯ್ಕೆಗೆಂದು ಕಡೂರಿನ ಮೈದಾನಕ್ಕೆ ಇಳಿದೆ. ಅದಕ್ಕೆ ಮೊದಲು ನಾನು ಫುಟ್ಬಾಲ್ ಆಡಿರಲಿಲ್ಲ. ಗಾಳಿ ತುಂಬಿದ ಚರ್ಮದ ಚೆಂಡನ್ನು ಕಾಲಿನಿಂದ ಮುಟ್ಟಿಯೂ ಇರಲಿಲ್ಲ. ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಆಟದ ಆಸೆಯಲ್ಲ, ಅರ್ಥಶಾಸ್ತ್ರದ ಹಾಜರಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಜ್ಜಂಪುರದಿಂದ ಕಡೂರಿನ ಕಾಲೇಜಿಗೆ ಹೋಗಲು ನಮಗಿದ್ದದ್ದು ಬೆಳಗಿನ ಪ್ಯಾಸೆಂಜರ್ ಗಾಡಿಯೊಂದೇ. ಮೊದಲ ಬಸ್ಸು ಅದಕ್ಕಿಂತಲೂ ತಡವಾಗಿ ಹೊರಡುತ್ತಿತ್ತು. ಗಾಡಿ ಅಜ್ಜಂಪುರವನ್ನು ಹೊತ್ತಿಗೆ ಸರಿಯಾಗಿಯೇ ಬಿಡುತ್ತಿತ್ತು. ಬೀರೂರಿನಲ್ಲಿ ನಿಂತುಬಿಡುತ್ತಿತ್ತು. ತರೀಕೆರೆಯ ಕಡೆಯಿಂದ ಬರುವ ಗಾಡಿಯ ಜನ ಇದಕ್ಕೆ ಹತ್ತಬೇಕು, ಎಂಜಿನ್ನು ನೀರು ತುಂಬಿಸಿಕೊಳ್ಳಬೇಕು, ಆಮೇಲೆ ಒಂಟಿ ಹಳಿಯ ಮೇಲೆ ಎದುರಿನಿಂದ ಬರುವ ಮೈಲು ಗಾಡಿ ಹಾದುಹೋಗಬೇಕು. ಮೈಲು ಯಾವಾಗಲೂ ತಡ. ಅಲ್ಲಿಂದ ಕಡೂರು ಕೂಗಿದರೆ ಕೇಳುವಷ್ಟು ಹತ್ತಿರ. ನಾವು ಬೋಗಿಯೊಳಗೆ ಕುಳಿತು ಕಡೂರಿನಲ್ಲಿ ಮೊದಲ ತರಗತಿ ಶುರುವಾಗುವುದನ್ನು ಮನಸ್ಸಿನಲ್ಲೇ ನೋಡುತ್ತಿದ್ದೆವು.

ಆ ಮೊದಲ ತರಗತಿ ಅರ್ಥಶಾಸ್ತ್ರದ್ದು. ಅಧ್ಯಾಪಕರು ಒಳಗೆ ಬಂದೊಡನೆ ಹಾಜರಿ ಕರೆದು ಪುಸ್ತಕ ಮುಚ್ಚಿಬಿಡುತ್ತಿದ್ದರು. ತಡವಾಗಿ ಬಂದವರನ್ನು ಅವರು ಹೊರಗೆ ನಿಲ್ಲಿಸಿದ್ದೇ ಇಲ್ಲ.

“ಬನ್ರಪ್ಪಾ, ಕೂತ್ಕೊಳ್ಳಿ, ಪಾಠ ಕೇಳಿ. ಹಾಜರಿ ಒಂದು ಕೇಳ್ಬೇಡಿ,” ಎನ್ನುತ್ತಿದ್ದರು.

ಹೀಗೆ, ಪ್ರತಿದಿನವೂ ತರಗತಿಯಲ್ಲಿ ಕುಳಿತು, ಪ್ರತಿದಿನವೂ ಗೈರುಹಾಜರಾದ ವಿದ್ಯಾರ್ಥಿ ನಾನು. ದಸರಾ ರಜೆ ಕಳೆದು ಕಾಲೇಜು ತೆರೆದಾಗ ಸೂಚನಾ ಫಲಕದಲ್ಲಿ ಹಾಳೆಯೊಂದನ್ನು ಅಂಟಿಸಿದ್ದರು: ಯಾವುದೇ ಒಂದು ವಿಷಯದಲ್ಲಿ ಹಾಜರಿಯ ಕೊರತೆ ಬಿದ್ದವರಿಗೆ ಪರೀಕ್ಷೆಗೆ ಕೂರಲು ಅವಕಾಶವಿಲ್ಲ.

ಮನೆಯಲ್ಲಿ ಹೇಳಿದೆ. ಅಪ್ಪ ಗದರಲಿಲ್ಲ. “ಓದು, ಬೇಡ ಅನ್ನಕಿಲ್ಲ. ಒಂದ್ ವರ್ಷ ಕಳ್ಕೊಂಡ್ರೆ ಮಾತ್ರ ಹೊಲಕ್ ಬಂದ್ಬಿಡು. ನನ್ ಬೆನ್ನೂ ಬಗ್ಗಕಿಲ್ಲ ಈಗ,” ಎಂದ. ಅದು ಬೆದರಿಕೆಯಾಗಿರಲಿಲ್ಲ. ಅವನ ಬೆನ್ನು ಬಗ್ಗುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು. ಕಡೂರಿನಲ್ಲಿ ಕೋಣೆ ಹಿಡಿದು ಓದುವ ಮಾತು ನಮ್ಮ ಮನೆಯಲ್ಲಿ ಏಳುವಂಥದ್ದೂ ಆಗಿರಲಿಲ್ಲ. ಆ ವರ್ಷ ಪರೀಕ್ಷೆಗೆ ಕೂತರೆ ಕಾಲೇಜು, ಕೂರದಿದ್ದರೆ ಈರುಳ್ಳಿ ಹೊಲ.

ನಾನು ಕೇಳಿಕೊಂಡು ಹೊರಟೆ. ಅರ್ಥಶಾಸ್ತ್ರದ ಅಧ್ಯಾಪಕರು ಕನ್ನಡಕ ತೆಗೆದು ಒರೆಸುತ್ತ, “ನನ್ ಕೈಲೇನಿದೆ ಹೇಳು? ಪ್ರಿನ್ಸಿಪಾಲರು ಹೂಂ ಅಂದ್ರೆ ನಂದೇನೂ ತಕರಾರಿಲ್ಲ,” ಎಂದರು. ಪ್ರಿನ್ಸಿಪಾಲರು, “ರೈಲು ತಡ ಆದ್ರೆ ಕಾಲೇಜು ಏನ್ ಮಾಡುತ್ತಯ್ಯಾ? ಸ್ಟೇಷನ್ನಿಂದ ಬರೆಸ್ಕೊಂಡು ಬಾ, ನೋಡೋಣ,” ಎಂದರು. ಬೀರೂರಿನಲ್ಲಿ ಸ್ಟೇಷನ್ ಮಾಸ್ತರರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಪೂರ್ತಿ ಕೇಳಿಸಿಕೊಂಡರು.

“ಗಾಡಿ ತಡ ಅಂತ ಬರಕೊಡೋಕೆ ನಂಗೆ ಅಧಿಕಾರ ಇಲ್ಲ ಕಣಪ್ಪಾ. ಮೇಲಿನೋರನ್ನ ಕೇಳ್ಬೇಕು,” ಎಂದರು. ಆಮೇಲೆ, ನಿಜವಾದ ಕುತೂಹಲದಿಂದಲೇ ಕೇಳಿದರು: “ಅಲ್ಲಾ, ನಿಮ್ ಕಾಲೇಜ್ನೋರು ಒಂದರ್ಧ ಗಂಟೆ ನಿಧಾನಕ್ಕೆ ಶುರು ಮಾಡಿದ್ರೆ ಏನ್ ಮುಳುಗೋಗುತ್ತೆ?”

ಮೂವರೂ ಒಳ್ಳೆಯವರು. ಮೂವರೂ ನನ್ನೊಡನೆ ಸೌಜನ್ಯದಿಂದ ಮಾತನಾಡಿದರು. ಆ ಸೌಜನ್ಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಗದರುವವನಿಗೆ ತಿರುಗಿ ಗದರಬಹುದು, ಬಾಗಿಲು ಮುಚ್ಚುವವನ ಬಾಗಿಲನ್ನು ಬಡಿಯಬಹುದು. ಇವರು ಬಾಗಿಲು ತೆರೆದೇ ಇಟ್ಟುಕೊಂಡು, ಪಕ್ಕದ ಬಾಗಿಲಿನ ಕಡೆ ಕೈ ತೋರಿಸುತ್ತಿದ್ದರು.

ಆಗ ತರೀಕೆರೆಯ ಗೆಳೆಯ ಸುದ್ದಿ ತಂದ. ಬೀರೂರಿನಲ್ಲಿ ನಮ್ಮ ಗಾಡಿ ಹತ್ತುತ್ತಿದ್ದ ಅವನಿಗೂ ನನ್ನಷ್ಟೇ ಹಾಜರಿಯ ಕೊರತೆಯಿತ್ತು. ಅವನ ತಂದೆ ಕೆಮ್ಮಣ್ಣುಗುಂಡಿಯ ಅದಿರು ಗಣಿಯಲ್ಲಿ ಕೆಲಸಕ್ಕಿದ್ದವರು. ಅಲ್ಲಿನ ಕೂಲಿಗಳ ವಠಾರದ ಹುಡುಗರ ಜೊತೆ ಅವನು ಬೆಟ್ಟದ ಅಂಚಿನಲ್ಲಿ ಫುಟ್ಬಾಲ್ ಆಡುತ್ತಿದ್ದನಂತೆ. ಜೋರಾಗಿ ಒದ್ದರೆ ಚೆಂಡು ಕಣಿವೆಗೆ ಬಿದ್ದು ಅಂದಿನ ಆಟವೇ ಮುಗಿಯುತ್ತಿದ್ದುದರಿಂದ, ಅವನಿಗೆ ಬರುತ್ತಿದ್ದದ್ದು ಗಿಡ್ಡ ಒದೆತಗಳಷ್ಟೇ.

“ಲೇ, ಟೀಮಿಗೆ ಸೇರಿದ್ರೆ ಹಾಜರಿ ತುಂಬಿಸ್ಕೊಡ್ತಾರಂತೆ ಕಣೋ,” ಎಂದ.

“ಯಾವ್ ಟೀಮು?”

“ಫುಟ್ಬಾಲು. ಕಬಡ್ಡಿ, ವಾಲಿಬಾಲು ಆಗ್ಲೇ ತುಂಬೋಯ್ತು.”

“ನಂಗೆ ಬರಲ್ವಲ್ಲೋ.”

“ಯಾರಿಗ್ ಬತ್ತದೆ ಇಲ್ಲಿ? ಭದ್ರಾವತಿ ಹುಡುಗ್ರು ನಾಕ್ ಜನ ಬಿಟ್ರೆ ಮಿಕ್ಕೋರೆಲ್ಲ ಎಮ್ಮೆ ಅಟ್ಟಿದೋರೇ.”

ಕಬಡ್ಡಿ ತಂಡದಲ್ಲಿ ಜಾಗವಿದ್ದಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ಅದು ನಾನು ಹುಟ್ಟಿನಿಂದ ಆಡಿದ ಆಟ. ಆದರೆ ಕಬಡ್ಡಿಯ ಅಭ್ಯಾಸ ನಡೆಯುತ್ತಿದ್ದದ್ದು ಬೆಳಿಗ್ಗೆ, ನಮ್ಮ ಗಾಡಿ ಬೀರೂರಿನಲ್ಲಿ ನಿಂತಿರುವ ಹೊತ್ತಿನಲ್ಲಿ. ಕಡೂರಿನಲ್ಲೇ ಇರುವವರಿಗೆ ಮಾತ್ರ ಅದು ದಕ್ಕಿತು.

ದೈಹಿಕ ಶಿಕ್ಷಣದ ಮೇಷ್ಟ್ರನ್ನು ಹೋಗಿ ಕೇಳಿದೆವು. ಅವರು ಹೌದೆಂದರು. ತಂಡಕ್ಕೆ ಸೇರಿದವರ ಹೆಸರಿನಲ್ಲಿ ಅವರು ಪತ್ರ ಬರೆದರೆ ಕೊರತೆ ಮನ್ನಾ ಆಗುತ್ತದೆ; ತರೀಕೆರೆಯಲ್ಲಿ ಅಂತರಕಾಲೇಜು ಪಂದ್ಯವಿದೆ; ಆಯ್ಕೆ ಮುಂದಿನ ವಾರ, ಸಂಜೆ.

ಅಭ್ಯಾಸಕ್ಕೆ ನಮಗೆ ಸಿಕ್ಕ ಜಾಗ ಬೀರೂರಿನ ಪ್ಲಾಟ್‌ಫಾರಂ. ಮೈಲು ಬರುವವರೆಗೆ ಹೇಗೂ ಕಾಯಬೇಕಿತ್ತಲ್ಲ. ಗೆಳೆಯ ಹಳೆಯ ಬಟ್ಟೆಗಳನ್ನು ಸುತ್ತಿ, ಹುರಿ ಬಿಗಿದು ಚೆಂಡು ಮಾಡಿ ತಂದ. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ, ಎಂಜಿನ್ನಿಗೆ ನೀರು ತುಂಬಿಸುವ ಕಂಬದಾಚೆ, ಅವನು ಒದೆಯುತ್ತಿದ್ದ, ನಾನು ತಡೆಯುತ್ತಿದ್ದೆ. ಕಾಲಿನ ಒಳಮೈಯಿಂದ ಮುಟ್ಟು, ಬೆರಳಿನಿಂದ ಚುಚ್ಚಬೇಡ, ಕೈ ಮಾತ್ರ ತಾಗಬಾರದು ಎಂಬಿಷ್ಟು ಪಾಠವಾಯಿತು. ಚಹಾ ಮಾರುವವನು ಕೆಟಲ್ಲು ಹಿಡಿದು ನಿಂತು ನೋಡುತ್ತಿದ್ದ.

“ಏನಪ್ಪಾ, ಈ ವರ್ಷ ಕಾಲಲ್ಲೇ ಪರೀಕ್ಷೆ ಬರೀತೀರಾ?”

“ಕೈಯಲ್ಲಿ ಬರೆಯಕ್ ಬಿಡ್ತಿಲ್ಲ ಕಣಣ್ಣಾ,” ಎಂದ ಗೆಳೆಯ.

ಚಹಾದವನು ನಕ್ಕ. ನಾನು ಚೆಂಡು ತಡೆದೆ. ಆ ದಿನಗಳಲ್ಲಿ ನನಗೆ ಭಯವಾಗಲಿ ಉತ್ಸಾಹವಾಗಲಿ ಇದ್ದ ನೆನಪಿಲ್ಲ. ಹಲ್ಲು ಕೀಳುವ ಮೊದಲು ವೈದ್ಯರು ಒಸಡಿಗೆ ಚುಚ್ಚುವ ಸೂಜಿಯನ್ನು ನನ್ನ ಇಡೀ ದೇಹಕ್ಕೆ ಚುಚ್ಚಿದಂತಿತ್ತು. ಒತ್ತಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ.

ಆಯ್ಕೆಯ ಸಂಜೆ ಕಾಲೇಜಿನ ಹಿಂದಿನ ಮೈದಾನದಲ್ಲಿ ಸೇರಿದೆವು. ಅದನ್ನು ಮೈದಾನ ಎನ್ನುವುದು ಔದಾರ್ಯ. ಮಳೆಗಾಲದಲ್ಲಿ ಬೆಳೆದು ಒಣಗಿದ ನೆಗ್ಗಿಲು ಮುಳ್ಳು ಅಲ್ಲಿ ಹಾಸಿಕೊಂಡಿತ್ತು. ಭದ್ರಾವತಿಯ ನಾಲ್ವರಿಗೆ ಬೂಟುಗಳಿದ್ದವು, ಮಿಕ್ಕವರೆಲ್ಲ ಬರಿಗಾಲು. ಆಟ ನಿಂತಾಗಲೆಲ್ಲ ನಾವು ಒಂಟಿಗಾಲಿನಲ್ಲಿ ನಿಂತು ಅಂಗಾಲಿನ ಮುಳ್ಳು ಕೀಳುತ್ತಿದ್ದೆವು. ಅಂಗಿ ತೊಟ್ಟವರದು ಒಂದು ಕಡೆ, ಅಂಗಿ ಬಿಚ್ಚಿದವರದು ಇನ್ನೊಂದು ಕಡೆ. ನಾನೂ ಗೆಳೆಯನೂ ಅಂಗಿ ಬಿಚ್ಚಿದವರ ಕಡೆ.

“ಹಿಂದ್ಗಡೆ ನಿಂತ್ಕೊ. ಬಂದಿದ್ದನ್ನ ಒದ್ದು ಆಚೆಗ್ ಕಳಿಸು. ಜಾಸ್ತಿ ಬುದ್ಧಿ ಓಡಿಸ್ಬೇಡ,” ಎಂದು ಗೆಳೆಯ ಪಿಸುಗುಟ್ಟಿದ.

ನಾನು ಹಾಗೆಯೇ ಮಾಡಿದೆ. ಅಡ್ಡ ಬಂದವರಿಗೆ ಅಡ್ಡ ಹೋದೆ. ಬೂಟುಗಾಲಿನವನೊಬ್ಬ ನನ್ನನ್ನು ದಾಟಲು ಯತ್ನಿಸಿ ದಾಟಲಾಗದೆ ಹಿಂದಿರುಗಿದ. ಗೆರೆಯಾಚೆ ನಿಂತಿದ್ದ ಮೇಷ್ಟ್ರು, “ಪರವಾಗಿಲ್ಲ, ಕಾಲಿದೆ ಇವ್ನಿಗೆ,” ಎಂದದ್ದು ಕೇಳಿಸಿತು. ಆ ಮಾತು ಕೇಳಿದಾಗ ಆ ವಾರದಲ್ಲಿ ಮೊದಲ ಸಲ ನನಗೆ ಏನೋ ಅನ್ನಿಸಿತು. ಪರೀಕ್ಷೆಯ ಕೊಠಡಿಯ ಬೆಂಚು ಕಣ್ಣಿಗೆ ಕಟ್ಟಿತು.

ಬಹುಶಃ ಅದೇ ಕೆಡಿಸಿತು. ಚೆಂಡು ನನ್ನ ಕಾಲಿಗೆ ಬಂದಾಗ ಮುಂದೆ ದಾರಿ ತೆರೆದಿತ್ತು. ಒದ್ದು ಕಳಿಸುವ ಬದಲು ನಾನು ಅದನ್ನು ತಳ್ಳಿಕೊಂಡು ಓಡಿದೆ. ನಡುಗೆರೆ ದಾಟಿದೆ. ಒಬ್ಬ ಅಡ್ಡ ಬಂದ. ಬಗ್ಗಿ ಅವನ ತೋಳಿನ ಕೆಳಗೆ ನುಸುಳಿದೆ. ಇನ್ನೊಬ್ಬ ಜಾರಿದ. ಕೊನೆಗೆ ಉಳಿದದ್ದು ಎರಡು ಕಲ್ಲುಗಳ ನಡುವೆ ಕೈಚಾಚಿ ನಿಂತ ಗೋಲ್‌ಕೀಪರನೊಬ್ಬನೇ. ನಾನು ಅವನವರೆಗೂ ಹೋದೆ. ಅವನ ಮೊಣಕಾಲಿಗೆ ಕೈ ತಾಗಿಸಿದೆ. ತಾಗಿಸಿ, ಚೆಂಡಿನ ಸಮೇತ ಗಿರ್ರನೆ ತಿರುಗಿ, ಬಿಗಿಹಿಡಿದ ಉಸಿರನ್ನು ಬಿಡದೆ, ನಡುಗೆರೆಯತ್ತ ಓಡಿಬಂದೆ. ಗೆರೆ ದಾಟಿ ನಮ್ಮ ಅಂಗಳದಲ್ಲಿ ನಿಂತ ಮೇಲೆಯೇ ಉಸಿರು ಬಿಟ್ಟೆ.

ನಮ್ಮೂರಿನ ಕಣದಲ್ಲಿ ನನಗೆ ಕಲಿಸಿದ್ದೇ ಅದು. ಸುಗ್ಗಿ ಮುಗಿದು ಬರಿದಾದ ಕಣದಲ್ಲಿ ದೊಡ್ಡವರು ನಮ್ಮನ್ನು ಕಬಡ್ಡಿಗೆ ಇಳಿಸುತ್ತಿದ್ದರು. ಎದುರಂಗಳಕ್ಕೆ ನುಗ್ಗಿದವನನ್ನು ಯಾರೂ ಹೊಗಳುತ್ತಿರಲಿಲ್ಲ, ಮುಟ್ಟಿದವನನ್ನೂ ಹೊಗಳುತ್ತಿರಲಿಲ್ಲ. ಮುಟ್ಟಿ, ಉಸಿರು ಕಳೆದುಕೊಳ್ಳದೆ, ತನ್ನ ಗೆರೆಗೆ ಮರಳಿದವನಿಗೆ ಮಾತ್ರ ಅಂಕ. ಅಲ್ಲೇ ಉಳಿದವನು ಸತ್ತವನು. ಮೈಗೆ ಹತ್ತಿದ ಆ ವಿದ್ಯೆ ಚೆಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎಲ್ಲರೂ ಆಟ ನಿಲ್ಲಿಸಿ ನನ್ನ ಕಡೆ ತಿರುಗಿದರು. ಆಮೇಲೆ ಬೂಟುಗಾಲಿನವನು ಬಹಳ ಗಂಭೀರವಾಗಿ ಕೇಳಿದ:

“ಲೇ, ಎಷ್ಟ್ ಜನ ಔಟಾದ್ವೋ ನಾವು?”

ಎಲ್ಲರೂ ನಕ್ಕರು. ಒಬ್ಬ ನೆಲದ ಮೇಲೆ ಕೂತು ನಕ್ಕ, ಮುಳ್ಳು ಚುಚ್ಚಿಸಿಕೊಂಡು ಎದ್ದ. ಗೆಳೆಯನೂ ನಗಬಾರದೆಂದು ಮುಖ ಆಚೆ ತಿರುಗಿಸಿಕೊಂಡು ನಕ್ಕ. ನಾನು ಚೆಂಡಿನ ಮೇಲೆ ಕಾಲಿಟ್ಟು ನಿಂತಿದ್ದೆ. ಅವಮಾನವಾಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅಂಗಾಲಿನಲ್ಲಿ ಎಷ್ಟು ಮುಳ್ಳುಗಳಿವೆ ಎಂದಷ್ಟೇ ಯೋಚಿಸಿದೆ.

ಮೇಷ್ಟ್ರು ನಗಲಿಲ್ಲ. ಹೆಚ್ಚುವರಿ ಆಟಗಾರನಾಗಿ ನನ್ನನ್ನು ತೆಗೆದುಕೊಂಡರು. “ಕಾಲಿದೆ. ದಿಕ್ಕು ಕಲ್ತ್ಕೊಳ್ತಾನೆ,” ಎಂದರು. ತಂಡಕ್ಕೆ ಸೇರಿದೆನೆಂದೇ ನಾನು ತಿಳಿದೆ. ಹಾಗೆ ತಿಳಿಯಬಾರದೆಂದು ಯಾರೂ ಹೇಳಲಿಲ್ಲ. ಮುಂದಿನ ಸಂಜೆಗಳಲ್ಲೆಲ್ಲ ಅಭ್ಯಾಸಕ್ಕೆ ನಿಂತೆ. ಸಂಜೆಯ ಗಾಡಿ ತಪ್ಪಿಸಿಕೊಂಡು, ಕತ್ತಲಾದ ಮೇಲೆ ಸಿಕ್ಕಿದ ಲಾರಿ ಹಿಡಿದು ಅಜ್ಜಂಪುರಕ್ಕೆ ಮರಳಿದೆ. ಎದುರಿನ ಗೋಲಿನವರೆಗೆ ಓಡಿ, ಹಿಂದಿರುಗದೆ ನಿಲ್ಲುವುದನ್ನು ಕಲಿತೆ.

ಪಂದ್ಯದ ದಿನ ತರೀಕೆರೆಗೆ ಹೋದೆವು. ಕಾಲೇಜಿನ ನೀಲಿ ಬನಿಯನ್ನನ್ನು ನನಗೂ ಕೊಟ್ಟಿದ್ದರು. ತೋಳು ದೊಡ್ಡದಾಗಿತ್ತು. ಗೆರೆಯಾಚೆ, ನೀರಿನ ಕೊಡದ ಪಕ್ಕದಲ್ಲಿ ಕುಳಿತೆ. ಗೆಳೆಯ ಆಡುತ್ತಿದ್ದ, ತನ್ನ ಊರಿನ ಜನರೆದುರು ಅವನ ಗಿಡ್ಡ ಒದೆತಗಳು ಅಂದು ಚೆನ್ನಾಗಿ ಕೂಡಿಬಂದವು. ವಿರಾಮದ ನಂತರ ನಮ್ಮ ಹಿಂದಿನ ಸಾಲಿನ ಹುಡುಗನೊಬ್ಬ ಕಾಲು ಉಳುಕಿಸಿಕೊಂಡು ಕುಂಟುತ್ತ ಹೊರಬಂದು ನನ್ನ ಪಕ್ಕ ಕುಳಿತ. ಅದು ನನ್ನ ಜಾಗ. ನಾನು ಎದ್ದು ನಿಂತೆ.

ಭದ್ರಾವತಿಯವನಾದ ನಮ್ಮ ತಂಡದ ನಾಯಕ ಗೆರೆಯ ಬಳಿ ಬಂದ. “ಸಾರ್, ಇವ್ನನ್ನ ಇಳಿಸೋಣ್ವಾ?”

ಮೇಷ್ಟ್ರು ನನ್ನನ್ನು ನೋಡಿದರು. ಆ ನೋಟದಲ್ಲಿ ಕೆಡುಕಿರಲಿಲ್ಲ. ಬಸ್ಸಿನಲ್ಲಿ ಖಾಲಿ ಸೀಟನ್ನು ನೋಡಿ, ಇಳಿಯುವ ಊರು ಹತ್ತಿರವೇ ಇದೆಯಲ್ಲ ಎಂದು ನಿಂತೇ ಇರುವವರ ನೋಟ ಅದು.

“ಬೇಡ. ಹತ್ತೇ ಜನ ಆಡ್ರಿ.”

“ಸಾರ್, ಹತ್ತ್ ಜನ—”

“ಇವ್ನು ತಿರುಗಿ ನಮ್ ಗೋಲಿಗೇ ಬಂದ್ರೆ? ಹೋಗು, ಆಡು.”

ಅವರು ಹತ್ತು ಜನ ಆಡಿದರು. ನಾನು ಸ್ವಲ್ಪ ಹೊತ್ತು ನಿಂತಿದ್ದು, ಕೂತೆ. ಉಳುಕಿದ ಕಾಲಿನ ಹುಡುಗ ನೀರು ಕೇಳಿದ, ಮೊಗೆದು ಕೊಟ್ಟೆ. ಒಂದು ಗೋಲಿನಿಂದ ಸೋತೆವು. ತಂಡವೆಲ್ಲ ಸ್ಟೇಷನ್ನಿನ ಹೋಟೆಲಿನಲ್ಲಿ ದೋಸೆ ತಿಂದಿತು. ನಾನೂ ತಿಂದೆ. ದೋಸೆ ಚೆನ್ನಾಗಿತ್ತು ಎಂಬುದು ನೆನಪಿದೆ.

ಕೆಲವು ದಿನಗಳ ಬಳಿಕ ಮೇಷ್ಟ್ರು ಪತ್ರಗಳನ್ನು ಬರೆದು ಕಳಿಸಿದರು. ಗೆಳೆಯನ ಕೊರತೆ ಮನ್ನಾ ಆಯಿತು. ನನ್ನ ಹೆಸರಿನಲ್ಲಿ ಪತ್ರ ಬಂದಿರಲಿಲ್ಲ. ಹೋಗಿ ಕೇಳಿದೆ. ಅವರು ಚೆಂಡಿಗೆ ಗಾಳಿ ಹೊಡೆಯುತ್ತಿದ್ದರು.

“ನೀನು ತಂಡದಲ್ಲಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಆಡ್ಲಿಲ್ವಲ್ಲಪ್ಪಾ. ಆಡಿದೋರಿಗೆ ತಾನೆ ಪತ್ರ?”

“ನೀವು ಆಡಿಸ್ಲಿಲ್ಲ ಸಾರ್.”

ಅವರು ಪಂಪು ನಿಲ್ಲಿಸಿ ಯೋಚಿಸಿದರು. “ಅದೂ ನಿಜ,” ಎಂದರು. “ಪ್ರಿನ್ಸಿಪಾಲರನ್ನೊಂದ್ಸಲ ಕೇಳಿ ನೋಡು. ಅವ್ರು ಹೂಂ ಅಂದ್ರೆ ನಂದೇನಿಲ್ಲ.” ಮತ್ತೆ ಗಾಳಿ ಹೊಡೆಯತೊಡಗಿದರು. ನಾನು ಪ್ರಿನ್ಸಿಪಾಲರನ್ನು ಕಂಡೆ. ಅವರು ಅರ್ಥಶಾಸ್ತ್ರದವರನ್ನು ಕೇಳು ಎಂದರು.

ಮುಂದೆ ಹೊಲದ ಕೆಲಸದ ನಡುವೆ ಖಾಸಗಿಯಾಗಿ ಪರೀಕ್ಷೆ ಬರೆದು, ಮೈಸೂರಿಗೆ ಹೋಗಿ, ವಿಶ್ವವಿದ್ಯಾಲಯದಲ್ಲಿ ಅಧಿಕಾರ ಎಂದರೇನು ಎಂಬ ವಿಷಯದ ಮೇಲೆ ಉಪನ್ಯಾಸಗಳನ್ನು ಕೇಳಿದೆ. ಅಧಿಕಾರ ಮೇಲಿನಿಂದ ಕೆಳಗೆ ಹರಿಯುತ್ತದೆ ಎಂದು ಅಲ್ಲಿ ಕಲಿಸಿದರು. ನಾನು ಕಂಡದ್ದು ಬೇರೆ: ಅದು ಅಡ್ಡಡ್ಡ ಹರಿಯುತ್ತದೆ, ಮೇಜಿನಿಂದ ಮೇಜಿಗೆ, ಯಾವ ಮೇಜಿನ ಮೇಲೂ ನಿಲ್ಲದೆ. ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಹಳೆಯ ಗೌರವದಿಂದ ಬಿಟ್ಟದ್ದಲ್ಲ. ಹೆಸರು ಬರೆದರೆ ಅದು ಒಬ್ಬನ ತಪ್ಪಾಗಿಬಿಡುತ್ತದೆ, ಮಿಕ್ಕವರು ಹಗುರಾಗುತ್ತಾರೆ. ನನ್ನ ಆರೋಪ ಎಲ್ಲರ ಮೇಲಿದೆ. ತರಗತಿಯ ಹೊತ್ತನ್ನು ನಿಗದಿ ಮಾಡಿದವರು ಯಾರೋ ಒಬ್ಬರಿದ್ದರು. ರೈಲಿನ ಹೊತ್ತನ್ನು ನಿಗದಿ ಮಾಡಿದವರೂ ಇದ್ದರು. ಇಬ್ಬರ ನಡುವೆ ಬೆಳಿಗ್ಗೆಯ ಬೋಗಿಯಲ್ಲಿ ಕುಳಿತ ಅಜ್ಜಂಪುರ, ತರೀಕೆರೆಗಳ ವಿದ್ಯಾರ್ಥಿಗಳಿಗೆ ಉತ್ತರ ಕೊಡಬೇಕಾದವರು ಯಾರು? ಈ ಪ್ರಶ್ನೆಗೆ ನನಗೆ ಸಹಾನುಭೂತಿ ಬೇಡ; ಉತ್ತರ ಬೇಕು. ಆ ಗಾಡಿಯಲ್ಲಿ ಇಂದಿಗೂ ಹುಡುಗರು ಕೂತಿದ್ದಾರೆ.

ಆ ವರ್ಷ ಪರೀಕ್ಷೆಯ ಪ್ರವೇಶಪತ್ರ ಹಂಚಿದ ದಿನ ನಾನು ಕಾಲೇಜಿನಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನದ ಗಾಡಿಗೇ ಊರಿಗೆ ಬಂದೆ. ಅಪ್ಪ ಜಗುಲಿಯ ಮೇಲೆ ಕಾಲು ನೀಡಿ ಕುಳಿತು, ರಾಶಿ ಹಾಕಿದ ಈರುಳ್ಳಿಯಲ್ಲಿ ಕೊಳೆತದ್ದನ್ನು ಆರಿಸಿ ಬೇರೆ ಮಾಡುತ್ತಿದ್ದ. ನಾನು ಹೊತ್ತಿಗೆ ಮೊದಲೇ ಬಂದದ್ದನ್ನು ನೋಡಿ ಅವನಿಗೆ ತಿಳಿದಿರಬೇಕು. ಆದರೂ ಕೇಳಿದ.

“ಏನಾಯ್ತು?”

“ಪರೀಕ್ಷೆಗೆ ಕೂರಂಗಿಲ್ಲ.”

“ಯಾರು ಹೇಳಿದ್ದು?”

ನಾನು ಅವನೆದುರು ಕುಳಿತು ಮೊದಲಿನಿಂದ ಹೇಳಿದೆ. ಅರ್ಥಶಾಸ್ತ್ರದವರು ಅಂದದ್ದು, ಪ್ರಿನ್ಸಿಪಾಲರು ಅಂದದ್ದು, ಸ್ಟೇಷನ್ ಮಾಸ್ತರರು ಅಂದದ್ದು, ಮೇಷ್ಟ್ರು ಅಂದದ್ದು. ಅವನು ಅಡ್ಡ ಮಾತಾಡದೆ ಕೇಳಿದ. ಅವನ ಬೆರಳು ಒಂದೊಂದು ಗಡ್ಡೆಯನ್ನೂ ಒತ್ತಿ ನೋಡಿ, ಗಟ್ಟಿಯಾದದ್ದನ್ನು ಬುಟ್ಟಿಗೆ, ಮೆತ್ತಗಾದದ್ದನ್ನು ನೆಲಕ್ಕೆ ಹಾಕುತ್ತಿತ್ತು.

“ಇಷ್ಟ್ ಜನ್ದಾಗೆ,” ಎಂದು ಕೊನೆಗೆ ಕೇಳಿದ, “ಆಗಕಿಲ್ಲ ಅಂದೋನು ಯಾವನು?”

ನಾನು ಪ್ರತಿಯೊಬ್ಬರ ಮಾತನ್ನೂ ಮತ್ತೊಮ್ಮೆ ನೆನೆದು ನೋಡಿದೆ. ಆಗುವುದಿಲ್ಲ ಎಂದು ಅವರಲ್ಲಿ ಯಾರೂ ಹೇಳಿರಲಿಲ್ಲ.

“ಯಾರೂ ಇಲ್ಲ,” ಎಂದೆ.

ಅಪ್ಪ ಸ್ವಲ್ಪ ಸರಿದು, ರಾಶಿಯ ಎದುರು ನನಗೂ ಜಾಗ ಮಾಡಿಕೊಟ್ಟ. ನಾನು ಅಂಗಿಯ ತೋಳು ಮಡಚಿ, ಮೊದಲ ಗಡ್ಡೆಯನ್ನು ಎತ್ತಿಕೊಂಡು ಒತ್ತಿ ನೋಡಿದೆ.